ಠಾಣೆಯ ಪುಸ್ತಕದಲ್ಲಿ ನಮ್ಮ ಹೆಸರು

ಹುಬ್ಬಳ್ಳಿಯಲ್ಲಿ ಇಳಿದು ಆಟೋದವನಿಗೆ 'ಸೆಟ್ಲಮೆಂಟ್' ಅಂದರೆ ಸಾಕು, ಮುಂದೆ ಏನೂ ಕೇಳುವುದಿಲ್ಲ. ಗದಗದಲ್ಲೂ ಅದೇ ಹೆಸರಿನ ಜಾಗ ಇದೆ. ಯಾವುದೋ ಬಡಾವಣೆಯ ಹೆಸರಿರಬೇಕು ಅಂತ ಕಾಲೇಜಿಗೆ ಬರೋವರೆಗೂ ನಾನು ತಿಳಿದಿದ್ದೆ. ಬ್ರಿಟಿಷರ ಕಾಲದಲ್ಲಿ ಅದು ಬೇಲಿ ಹಾಕಿದ ಬಯಲು ಜೈಲು. ಒಳಗೆ ತಳ್ಳುವುದಕ್ಕೆ ಕೋರ್ಟಿನ ತೀರ್ಪು ಬೇಕಿರಲಿಲ್ಲ. ಗಂಟಿಚೋರರ ಮನೆಯಲ್ಲೋ, ಕೊರಮರ ಮನೆಯಲ್ಲೋ, ಹರಣಶಿಕಾರಿಗಳ ಮನೆಯಲ್ಲೋ ಹುಟ್ಟಿದ್ದರೆ ಸಾಕಿತ್ತು.

ನನ್ನ ಅಜ್ಜಿ ಅಂಥದೊಂದು ಬೇಲಿಯೊಳಗೆ ಹುಟ್ಟಿದವಳು. ಆ ಮಾತು ಎಂದೂ ಬಾಯಿಬಿಟ್ಟಿರಲಿಲ್ಲ. ನಾನು ಡಿಗ್ರಿ ಓದುವಾಗ ಲೈಬ್ರರಿಯಿಂದ ತಂದ ಪುಸ್ತಕ ಹಿಡಿದು ಕೇಳಿದ ಮೇಲೆ ಹೇಳಿದಳು. ನಮ್ಮ ಮನೆತನದ ಹೆಸರು ಶಾಲೆಯ ಹಾಜರಿ ಪುಸ್ತಕ ಸೇರಿದ್ದು ಅಪ್ಪನ ಕಾಲಕ್ಕೆ. ಪೊಲೀಸರ ಹಾಜರಿ ಪುಸ್ತಕದಲ್ಲಿ ಅದಕ್ಕೂ ಮೊದಲೇ ಇತ್ತು.

1871ರ ಅಕ್ಟೋಬರ್‌ನಲ್ಲಿ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಬಂತು. ಮೊದಲು ಉತ್ತರದ ಪ್ರಾಂತ್ಯಗಳಿಗೆ, 1911ರ ಕಾಯಿದೆಯಿಂದ ಇಡೀ ಬ್ರಿಟಿಷ್ ಇಂಡಿಯಾಕ್ಕೆ. ಒಂದು ಬುಡಕಟ್ಟು ಅಪರಾಧಕ್ಕೆ ಬಿದ್ದಿದೆ ಅಂತ ಸರ್ಕಾರಕ್ಕೆ ಅನಿಸಿದರೆ ಗೆಜೆಟ್ಟಿನಲ್ಲಿ ಹೆಸರು ಹಾಕಬಹುದು. ಹೆಸರು ಬಿದ್ದವರು ಠಾಣೆಯಲ್ಲಿ ನೋಂದಾಯಿಸಬೇಕು, ಬೆರಳಚ್ಚು ಕೊಡಬೇಕು, ಹೇಳಿದ ಹೊತ್ತಿಗೆ ಹಾಜರಿ ಹಾಕಬೇಕು. ಪರವೂರಿಗೆ ಹೋಗಲು ಪಾಸು ಬೇಕು. ಇದೆಲ್ಲ ಒಂದು ಕಡೆ ಇರಲಿ, 1871ರ ಕಾಯಿದೆಯ ಆರನೇ ಕಲಮನ್ನು ಓದಿ ನಾನು ಪುಸ್ತಕ ಮುಚ್ಚಿ ಕೂತೆ. ಸರ್ಕಾರದ ಆ ಪ್ರಕಟಣೆ ಸರಿಯೋ ತಪ್ಪೋ ಅಂತ ಯಾವ ನ್ಯಾಯಾಲಯವೂ ಕೇಳಕೂಡದು. ಕಾಯಿದೆಯ ಕ್ರಮ ಪಾಲಿಸಿದ್ದಾರೋ ಇಲ್ಲವೋ ಅಂತಲೂ ಕೇಳಕೂಡದು. ಹೆಸರು ಬರೆಯುವವನೂ ಅವನೇ, ಬರೆದದ್ದು ಸರಿ ಅನ್ನುವವನೂ ಅವನೇ.

1952ರ ಆಗಸ್ಟ್ 31ರಂದು ಆ ಕಾಯಿದೆ ರದ್ದಾಯಿತು. ದೇಶಕ್ಕೆ ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ ನಮಗೆ ಬಂತು. ನಮ್ಮವರು ಆ ದಿನವನ್ನು ವಿಮುಕ್ತ ದಿನ ಅನ್ನುತ್ತಾರೆ. ಆದರೆ ಒಂದೊಂದೇ ರಾಜ್ಯದಲ್ಲಿ 'ರೂಢಿಗತ ಅಪರಾಧಿ'ಗಳ ಕಾಯಿದೆ ಬಂತು, ನಮ್ಮಲ್ಲಿ 1961ರದು. ಅದಾದರೂ ಸದನದಲ್ಲಿ ಪಾಸಾದ ಕಾನೂನು. ಅದರ ಕೆಳಗೆ ಇನ್ನೊಂದಿತ್ತು. ಅದು ಯಾವ ಸದನವನ್ನೂ ಕಂಡದ್ದಲ್ಲ. ಅದರ ಹೆಸರು ಹಿಸ್ಟರಿ ಶೀಟು.

ಇಲ್ಲಿ ಉತ್ತರಪ್ರದೇಶದ ಖಡಕ್ ಸಿಂಗ್ ಎಂಬುವನ ಕತೆ ಹೇಳಬೇಕು. 1941ರಲ್ಲಿ ಅವನನ್ನು ದರೋಡೆ ಕೇಸಿನಲ್ಲಿ ಹಿಡಿದರು. ಸಾಕ್ಷಿ ಇಲ್ಲ ಅಂತ ಬಿಟ್ಟರು. ಬಿಟ್ಟರೂ ಅವನ ಹೆಸರಿನಲ್ಲಿ ಒಂದು ಹಾಳೆ ತೆರೆದರು. ಅಲ್ಲಿಂದ ಸರಹೊತ್ತಿನಲ್ಲಿ ಚೌಕಿದಾರ, ಪೊಲೀಸಪ್ಪ ಬಂದು ಬಾಗಿಲು ಬಡಿಯುವುದು, ಕೂಗಿ ಎಬ್ಬಿಸುವುದು. ಪರವೂರಿಗೆ ಹೊರಟರೆ ಎಲ್ಲಿಗೆ, ಬರುವುದು ಯಾವಾಗ ಅಂತ ಚೌಕಿದಾರನಿಗೆ ಹೇಳಿ ಹೋಗಬೇಕು. ಅವನು ಸುಪ್ರೀಂ ಕೋರ್ಟಿಗೇ ಹೋದ. ಅಲ್ಲಿ ಪೊಲೀಸರು ತೋರಿಸಿದ್ದು ತಮ್ಮ ಕೈಪಿಡಿಯ 236ನೇ ನಿಯಮ. ಮನೆಯ ಸುತ್ತ ಗುಟ್ಟಾಗಿ ಕಾಯುವುದು, ರಾತ್ರಿ ಮನೆಗೆ ಹೋಗುವುದು, ನಡತೆ, ಸಹವಾಸ, ಆದಾಯ, ಖರ್ಚು ವಿಚಾರಿಸುವುದು, ಎಲ್ಲ ಅದರಲ್ಲಿತ್ತು. ಇದಕ್ಕೆ ಯಾವ ಕಾಯಿದೆಯ ಬೆನ್ನೂ ಇಲ್ಲ, ಇಲಾಖೆ ತನ್ನ ನೌಕರರಿಗೆ ಕೊಟ್ಟ ಸೂಚನೆ ಇದು ಅಂತ ನ್ಯಾಯಮೂರ್ತಿಗಳೇ ಕಂಡುಕೊಂಡರು.

1962ರ ಡಿಸೆಂಬರ್ 18ರಂದು ಆರು ಜನರ ಪೀಠದ ತೀರ್ಪು ಬಂತು. ರಾತ್ರಿ ಬಾಗಿಲು ಬಡಿಯುವುದು ತಪ್ಪು ಎಂದರು. ಮಿಕ್ಕದ್ದನ್ನೆಲ್ಲ ಉಳಿಸಿದರು, ಖಾಸಗಿತನ ನಮ್ಮ ಸಂವಿಧಾನ ಕೊಟ್ಟ ಹಕ್ಕಲ್ಲ ಎಂದರು. ಸುಬ್ಬರಾವ್ ಮತ್ತು ಶಾ ಮಾತ್ರ ಒಪ್ಪಲಿಲ್ಲ. ಬೆನ್ನ ಹಿಂದೆ ಸದಾ ಕಣ್ಣು ಇಟ್ಟುಕೊಂಡು ಓಡಾಡುವವನನ್ನು ಸ್ವತಂತ್ರ ಅನ್ನಲಾಗದು, ಇಡೀ ನಿಯಮವೇ ನಿಲ್ಲದು ಎಂಬುದು ಸುಬ್ಬರಾವ್ ಅವರ ವಾದ. ನಮ್ಮ ಕೇರಿಯ ಯಾರನ್ನು ಕೇಳಿದ್ದರೂ ಅಷ್ಟು ಹೇಳುತ್ತಿದ್ದರು. ಆದರೆ ಬಹುಮತ ನಾಲ್ವರದು.

ಪೇಟೆಯ ಮೇಲ್ಜಾತಿ ಮನೆಗಳಿಗೆ ನಡುರಾತ್ರಿಯ ಪೊಲೀಸರ ಪರಿಚಯವಾದದ್ದು 1975ರ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಬಂದಾಗ. ಅದರ ಬಗ್ಗೆ ಪುಸ್ತಕಗಳು ಬಂದವು, ಬರಬೇಕಾದದ್ದೇ. 1988ರ ಆಗಸ್ಟ್‌ನಲ್ಲಿ ಟೆಲಿಫೋನ್ ಕದ್ದಾಲಿಕೆಯ ಆಪಾದನೆ ಬಂದು ನಮ್ಮ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಕುರ್ಚಿ ಬಿಟ್ಟರು. ಮನೆಯಲ್ಲಿ ಫೋನು ಇದ್ದವರ ಮಾತು ಕದ್ದು ಕೇಳಿದರೆ ಸರ್ಕಾರ ಅಲ್ಲಾಡುತ್ತದೆ. ಫೋನೇ ಇಲ್ಲದವರ ಬಾಗಿಲು ಬಡಿದಿದ್ದಕ್ಕೆ ಒಬ್ಬ ಹವಾಲ್ದಾರ ಕುರ್ಚಿ ಬಿಟ್ಟದ್ದನ್ನು ನಾನು ಕೇಳಿಲ್ಲ. ಹಾಗಂತ ಕದ್ದಾಲಿಕೆ ಸಣ್ಣ ವಿಷಯ ಅಂತ ನಾನು ಹೇಳುತ್ತಿಲ್ಲ. ಎರಡಕ್ಕೂ ಬೇರು ಒಂದೇ. 1885ರ ಟೆಲಿಗ್ರಾಫ್ ಕಾಯಿದೆ ಹಿಡಿದು ಸರ್ಕಾರ ಕೇಳಿಸಿಕೊಳ್ಳುತ್ತಿತ್ತು. 1996ರಲ್ಲಿ ಸುಪ್ರೀಂ ಕೋರ್ಟು ಕಟ್ಟುಪಾಡು ಹಾಕಿತು: ಗೃಹ ಕಾರ್ಯದರ್ಶಿಯ ಆದೇಶ ಬೇಕು, ಅದನ್ನು ಒಂದು ಸಮಿತಿ ನೋಡಬೇಕು. ಸಮಿತಿಯಲ್ಲಿ ಯಾರು? ಅಧಿಕಾರಿಗಳೇ. ಆದೇಶಕ್ಕೆ ಮೊದಲು ನ್ಯಾಯಾಧೀಶರ ಒಪ್ಪಿಗೆ ಪಡೆಯಿರಿ ಅಂತ ಅಂದೂ ಹೇಳಲಿಲ್ಲ, 2023ರ ಹೊಸ ಟೆಲಿಕಾಂ ಕಾಯಿದೆಯೂ ಹೇಳಲಿಲ್ಲ. ಆರನೇ ಕಲಮು ಸತ್ತಿದೆ ಅಂತ ಯಾರು ಹೇಳಿದರು?

ಖಡಕ್ ಸಿಂಗ್ ತೀರ್ಪಿನ ಆ ಮಾತು ಬಿದ್ದುಹೋಗಲು ಐವತ್ತನಾಲ್ಕು ವರ್ಷ ಬೇಕಾಯಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ 2012ರಲ್ಲಿ ಕೋರ್ಟು ಹತ್ತಿದರು. 2017ರ ಆಗಸ್ಟ್ 24ರಂದು ಒಂಬತ್ತು ಜನರ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಅಧಿಕಾರಿಯೊಬ್ಬ ನಮ್ಮ ಬದುಕಿನೊಳಗೆ ಕೈಹಾಕಬೇಕಾದರೆ ಅದಕ್ಕೊಂದು ಕಾನೂನು ಇರಲೇಬೇಕು ಎಂದಿತು. ಸುಬ್ಬರಾವ್ ಗೆದ್ದರು, ಅವರು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ.

ಹಾಳೆ ಮಾತ್ರ ಠಾಣೆಯಲ್ಲೇ ಇದೆ. 2024ರ ಮೇ 7ರಂದು ದೆಹಲಿಯ ಶಾಸಕರೊಬ್ಬರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತಾನಾಗಿಯೇ ಈ ವಿಷಯ ಎತ್ತಿಕೊಂಡಿತು. ಹಿಂದುಳಿದವರ, ಪರಿಶಿಷ್ಟ ಜಾತಿ-ಪಂಗಡದವರ ಹೆಸರುಗಳು ಯಾಂತ್ರಿಕವಾಗಿ ಹಿಸ್ಟರಿ ಶೀಟು ಸೇರುತ್ತಿವೆ ಎಂಬ ಮಾತು ಆ ತೀರ್ಪಿನಲ್ಲೇ ಬಂತು. ಎಲ್ಲ ರಾಜ್ಯಗಳೂ ತಮ್ಮ ಪದ್ಧತಿಯನ್ನು ಮತ್ತೆ ನೋಡಬೇಕು, ಹಿರಿಯ ಪೊಲೀಸ್ ಅಧಿಕಾರಿಯೊಬ್ಬರು ಆಗಾಗ ತಪಾಸಣೆ ಮಾಡಬೇಕು ಎಂದಿತು. ಮತ್ತೆ ಪೊಲೀಸ್ ಅಧಿಕಾರಿಯೇ, ಗಮನಿಸಿ ಗೆಳೆಯರೇ.

ಆ ಸುದ್ದಿ ಬಂದ ಪೇಪರನ್ನು ಊರಿಗೆ ಒಯ್ದು ಅಜ್ಜಿಗೆ ಓದಿ ಹೇಳಿದೆ. ನಮ್ಮ ಚಿಕ್ಕಪ್ಪನ ಹೆಸರು ಇನ್ನೂ ಒಂದು ಠಾಣೆಯಲ್ಲಿದೆ. ಜಾತ್ರೆ ಬಂದರೆ, ಇಲೆಕ್ಷನ್ ಬಂದರೆ ಅವನಿಗೆ ಕರೆ ಬರುತ್ತದೆ. ಅಜ್ಜಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಪೂರ್ತಿ ಕೇಳಿಸಿಕೊಂಡಳು.

"ಅದೆಲ್ಲಾ ಖರೇ ತಮ್ಮಾ," ಅಂದಳು, "ಹೆಸರು ತಗದ್ರೇನು?"