ವೇಗವನ್ನು ತಗ್ಗಿಸುವ ಮಾತುಗಳು

ಮುಕ್ಕುಂದದ ಸೀಮೆಯಿಂದ ತುಂಗಭದ್ರೆಯನ್ನು ದಾಟಿ ದಕ್ಷಿಣಕ್ಕೆ ನಡೆದರೆ ಬಳ್ಳಾರಿಯು ದೊರೆಯುವುದು. ಅಲ್ಲಿ ಮಿಶನರಿಯಾಗಿದ್ದ ವಿಲಿಯಂ ರೀವ್ ಎಂಬವರು 1824ರಲ್ಲಿ ಇಂಗ್ಲೀಷು-ಕರ್ಣಾಟಕ ಕೋಶವನ್ನೂ 1832ರಲ್ಲಿ ಕರ್ಣಾಟಕ-ಇಂಗ್ಲೀಷು ಕೋಶವನ್ನೂ ಪ್ರಕಟಿಸಿದರು. ಅದೇ 1832ರಲ್ಲಿ ಜರ್ಮನಿಯಲ್ಲಿ ಜನಿಸಿದ ಫರ್ಡಿನೆಂಡ್ ಕಿಟ್ಟೆಲ್ ಪಂಡಿತರು 1853ರಲ್ಲಿ ಈ ನಾಡಿಗೆ ಬಂದು, 1894ರಲ್ಲಿ ಮಂಗಳೂರಿನಿಂದ ಸುಮಾರು 70,000 ಶಬ್ದಗಳ ಮಹಾಕೋಶವನ್ನು ಹೊರತಂದರು. ಅವರ ಮಾತೃಭಾಷೆಯು ಜರ್ಮನ್. ಕನ್ನಡಕ್ಕೆ ಅವರು ಅರ್ಥ ಬರೆದುದು ಇಂಗ್ಲೀಷಿನಲ್ಲಿ. ಹೀಗೆ ಮೂರು ಭಾಷೆಗಳ ನಡುವೆ ನಿಂತು ಮಾತನ್ನು ತೂಗುವುದು ಎಷ್ಟು ಕಠಿನವೆಂಬುದಕ್ಕೆ, ವೇಗವನ್ನು ತಗ್ಗಿಸುವ ಮಾತುಗಳೇ ಸಾಕ್ಷಿ.

ಇಂಗ್ಲೀಷಿನವರು ‘ಸ್ಲೋ ಡೌನ್’ ಎನ್ನುವರು; ‘ಡೌನ್’ ಎಂದರೆ ಕೆಳಗೆ. ಆದರೆ ಮಳೆಯು ತಗ್ಗಿದಾಗ ‘ಲೆಟ್ ಅಪ್’ ಎನ್ನುವರು. ‘ಅಪ್’ ಎಂದರೆ ಮೇಲೆ! ಬಿಡಿಪದಗಳ ಅರ್ಥವನ್ನು ಕೂಡಿಸಿದರೆ ಇಲ್ಲಿ ಏನೂ ಸಿದ್ಧಿಸದು. ಜರ್ಮನ್ ಭಾಷೆಯು ಸಂದರ್ಭವನ್ನು ನೋಡಿ ಧಾತುವನ್ನೇ ಬದಲಿಸುತ್ತದೆ. ಕೆಲಸದ ಗತಿಯನ್ನು ಕುಗ್ಗಿಸುವುದು ‘ಫೆರ್‌ಲಾಂಗ್‌ಸಾಮೆನ್’. ಗಾಡಿಗೆ ತಡೆಹಾಕುವುದು ‘ಆಪ್‌ಬ್ರೆಮ್ಸೆನ್’. ದುಡಿದು ದಣಿದವನು ಶ್ರಮವನ್ನು ಕಡಿಮೆಮಾಡುವುದು ‘ಕ್ಯುರ್ಟ್ಸರ್‌ಟ್ರೇಟೆನ್’, ಎಂದರೆ ಹೆಜ್ಜೆಯನ್ನು ಗಿಡ್ಡವಾಗಿಡುವುದು. ಮಳೆ ತಗ್ಗುವುದು ‘ನಾಖ್‌ಲಾಸ್ಸೆನ್’. ಈ ಕಡೆಯ ಪದದ ‘ನಾಖ್’ ಎಂಬ ಭಾಗವು ವಾಕ್ಯದಲ್ಲಿ ಧಾತುವನ್ನಗಲಿ ಕೊನೆಗೆ ಹೋಗುತ್ತದೆ: ‘ಡೆರ್ ರೇಗೆನ್ ಲೆಸ್ಟ್ ನಾಖ್’.

ಸಂಸ್ಕೃತವನ್ನೋದಿದವರಿಗೆ ಇದು ಅಪರಿಚಿತವಲ್ಲ. ಉಪಸರ್ಗಗಳು ಧಾತುವಿನ ಮುಂದೆ ನಿಲ್ಲತಕ್ಕವೆಂದೂ, ಛಂದಸ್ಸಿನಲ್ಲಿ ಹಿಂದೆಯೂ ಬರಬಹುದು, ನಡುವೆ ಬೇರೆ ಪದಗಳೂ ಸೇರಬಹುದೆಂದೂ ಪಾಣಿನಿಯು ಪ್ರಥಮಾಧ್ಯಾಯದ ಚತುರ್ಥಪಾದದಲ್ಲಿ ವಿಧಿಸಿರುವನು. ಉಪಸರ್ಗವು ಅರ್ಥವನ್ನು ಎಲ್ಲಿಗೆ ಒಯ್ಯುವುದೆಂಬುದಕ್ಕೆ ಒಂದೇ ‘ಹೃ’ ಧಾತುವಿನಿಂದಾದ ಪ್ರಹಾರ, ಆಹಾರ, ಸಂಹಾರ, ವಿಹಾರಗಳು ನಿದರ್ಶನ.

ಇನ್ನು ನಮ್ಮ ‘ನಿಧಾನ’ವನ್ನು ನೋಡಿರಿ. ‘ನಿ’ ಎಂಬುದು ಕೆಳಗೆಂಬ ಅರ್ಥವುಳ್ಳ ಉಪಸರ್ಗ. ‘ಧಾ’ ಎಂದರೆ ಇಡು. ಸಂಸ್ಕೃತದಲ್ಲಿ ಕೆಳಗಿಡುವಿಕೆ, ನಿಧಿ ಎಂಬರ್ಥಗಳಿದ್ದ ಈ ಪದವು ಕನ್ನಡದಲ್ಲಿ ತಾಳ್ಮೆ, ಮಂದಗತಿ ಎಂಬ ಹೊಸ ಅರ್ಥಗಳನ್ನು ಪಡೆಯಿತು. ‘ಸಾವಕಾಶ’ವೂ ಹಾಗೆಯೇ: ಅವಕಾಶಸಹಿತವಾದುದು ನಮ್ಮ ಕಡೆಯ ಬಾಯಲ್ಲಿ ಮೆಲ್ಲಗೆ ಎಂದಾಯಿತು. ‘ಹಗೂರಕ ನಡಿ’ ಎಂಬಲ್ಲಿ ಹಗುರತನವೇ ಮಂದಗತಿಯಾಯಿತು.

ಆದುದರಿಂದ ಭಾಷಾಂತರಕಾರನು ಪದದ ಅವಯವಗಳನ್ನು ಎಣಿಸಿದರೆ ಸಾಲದು. ಯಾವುದು ತಗ್ಗುತ್ತಿದೆ, ಮಳೆಯೋ, ಗಾಡಿಯೋ, ಮನುಷ್ಯನೋ, ಎಂಬುದನ್ನು ಮೊದಲು ಕೇಳಬೇಕು. ಶಾಲೆಯ ಬಾಲಕರು ಕೋಶದಲ್ಲಿ ಕಂಡ ಮೊದಲನೆಯ ಅರ್ಥವನ್ನೇ ಹಿಡಿದು ಬರೆಯುವ ಅಭ್ಯಾಸಕ್ಕೆ ಇದೇ ಮದ್ದು. ಕಿಟ್ಟೆಲ್ಲರ ಕೋಶವನ್ನು ತೆರೆಯುವವರಿಗೂ ಬೇಕಾದ ಗುಣವೊಂದೇ. ಅದರ ಹೆಸರು ನಿಧಾನ.