ಸ್ಥಿತಿಕರಣ: ನಮ್ಮ ಯುವಕರಿಗೆ ಮನಸ್ಸು ಬಿಚ್ಚಲು ಒಂದು ಬಳಗ

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಆರನೆಯದು ಸ್ಥಿತಿಕರಣ. ಜಾರುತ್ತಿರುವವನನ್ನು ಕೈಹಿಡಿದು ಮತ್ತೆ ನೆಲೆಗೆ ನಿಲ್ಲಿಸುವುದು ಎಂಬುದು ಇದರ ಸರಳ ಅರ್ಥ. ಶಾಸ್ತ್ರದಲ್ಲಿ ಇದು ಧರ್ಮಮಾರ್ಗದಿಂದ ಜಾರುವವರನ್ನು ಕುರಿತು ಬಂದ ಮಾತು. ನಮ್ಮ ಮನೆಗಳ ವಯಸ್ಸಿಗೆ ಬಂದ ಗಂಡುಮಕ್ಕಳನ್ನು ನೋಡುವಾಗ, ಬದುಕಿನ ಮೇಲಿನ ಆಸೆಯೇ ಜಾರುತ್ತಿರುವವರಿಗೂ ಇದು ಬೇಕು ಎನಿಸುತ್ತದೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರು. ಅವರಲ್ಲಿ ನೂರಕ್ಕೆ ಸುಮಾರು 72 ಮಂದಿ ಗಂಡಸರು. ಹೆಣ್ಣುಮಕ್ಕಳಿಗೆ ಕಷ್ಟ ಕಡಿಮೆ ಎಂದು ಇದರ ಅರ್ಥವಲ್ಲ. ಗಂಡಸರು ಕಷ್ಟವನ್ನು ಹೇಳಿಕೊಳ್ಳುವುದೂ ಕಡಿಮೆ, ಸಹಾಯ ಕೇಳುವುದೂ ಕಡಿಮೆ.

ವ್ಯಾಪಾರದ ಮನೆಗಳಲ್ಲಿ ಈ ಮೌನ ಇನ್ನೂ ಗಟ್ಟಿ. ಅಂಗಡಿಯಲ್ಲಿ ನಷ್ಟವಾದರೆ ಹೊರಗೆ ಹೇಳಬಾರದು, ಹೇಳಿದರೆ ಉದ್ರಿ ಕೊಡುವವರು ಕೈ ಎಳೆದುಕೊಳ್ಳುತ್ತಾರೆ. ಅದು ವ್ಯಾಪಾರದ ಲೆಕ್ಕ, ತಪ್ಪೇನಲ್ಲ. ಆದರೆ ಗಲ್ಲಾದ ಮೇಲೆ ಕೂತ ಹುಡುಗ ಇದೇ ಲೆಕ್ಕವನ್ನು ತನ್ನ ಮನಸ್ಸಿಗೂ ಹಚ್ಚಿಕೊಳ್ಳುತ್ತಾನೆ. ಲೋನ್ ಆ್ಯಪ್‌ನಲ್ಲಿ ತೆಗೆದ ಸಾಲ, ಆನ್‌ಲೈನ್ ಆಟದಲ್ಲಿ ಹೋದ ದುಡ್ಡು, ಫೇಲಾದ ಪರೀಕ್ಷೆ ಎಲ್ಲವನ್ನೂ ನುಂಗುತ್ತಾನೆ. ಊರಲ್ಲಿ ಅಂಗಡಿ ನೋಡಿಕೊಂಡಿರುವ ಹುಡುಗನಿಗೆ ಹೆಣ್ಣು ಸಿಗುತ್ತಿಲ್ಲ ಎಂಬುದು ಗುಬ್ಬಿ, ಕುಣಿಗಲ್ ಕಡೆಯ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಅದನ್ನು ಮದುವೆ ಮನೆಯಲ್ಲಿ ತಮಾಷೆ ಮಾಡುತ್ತೇವೆಯೇ ಹೊರತು ಅವನಿಗೆ ಹೇಗನಿಸುತ್ತಿದೆ ಎಂದು ಒಬ್ಬರೂ ಕೇಳುವುದಿಲ್ಲ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸ್ಥಿತಿಕರಣಕ್ಕೆ ವಾರಿಷೇಣನ ಹೆಸರು ಹೇಳಿದ್ದಾರೆ. ಶ್ರೇಣಿಕ ಮಹಾರಾಜನ ಮಗ ವಾರಿಷೇಣ ಮುನಿಯಾದ ಮೇಲೆ ಅವನ ಗೆಳೆಯ ಪುಷ್ಪಡಾಲನೂ ದೀಕ್ಷೆ ತೆಗೆದುಕೊಳ್ಳುತ್ತಾನೆ. ಆದರೆ ಹನ್ನೆರಡು ವರ್ಷ ಅವನ ಮನಸ್ಸು ಬಿಟ್ಟುಬಂದ ಹೆಂಡತಿಯ ಹತ್ತಿರವೇ ಇರುತ್ತದೆ. ಕೊನೆಗೆ ಮನೆಗೆ ಹೊರಟೇ ಬಿಡುತ್ತಾನೆ. ವಾರಿಷೇಣ ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಗೆಳೆಯನನ್ನು ಜೊತೆಯಲ್ಲೇ ಕರೆದುಕೊಂಡು ತನ್ನ ಅರಮನೆಗೆ ಹೋಗಿ, ತಾನು ಬಿಟ್ಟು ಬಂದದ್ದನ್ನೆಲ್ಲ ಅವನ ಮುಂದಿಟ್ಟ. ಕಥೆಯನ್ನು ವೈರಾಗ್ಯಕ್ಕಾಗಿ ಓದುವವರು ಹಾಗೆ ಓದಲಿ. ನನ್ನ ಕಣ್ಣಿಗೆ ಬೀಳುವುದು ಆ ಹನ್ನೆರಡು ವರ್ಷದ ಮೌನ, ಮತ್ತು ಗೆಳೆಯ ಜೊತೆಗೆ ನಡೆದು ಹೋದ ರೀತಿ.

ಜೊತೆಗೆ ನಡೆಯುವುದರಲ್ಲಿ ಒಂದು ಗುಟ್ಟಿದೆ. ಎದುರುಬದುರು ಕುರ್ಚಿ ಹಾಕಿ "ಹೇಳಪ್ಪಾ ನಿನ್ನ ಸಮಸ್ಯೆ" ಎಂದರೆ ಯಾವ ಹುಡುಗನೂ ಬಾಯಿ ಬಿಡುವುದಿಲ್ಲ. ಆಸ್ಟ್ರೇಲಿಯಾದಲ್ಲಿ 1990ರ ದಶಕದಿಂದ ಗಂಡಸರಿಗಾಗಿ ಮರಗೆಲಸ, ರಿಪೇರಿ ಕೆಲಸಗಳ ಶೆಡ್‌ಗಳು ಹುಟ್ಟಿಕೊಂಡು ದೇಶದ ತುಂಬ ಹರಡಿದವು. ಕೈಗೆ ಕೆಲಸವಿದ್ದಾಗ, ಪಕ್ಕಪಕ್ಕ ನಿಂತಾಗ ಮಾತು ತಾನಾಗಿ ಬರುತ್ತದೆ ಎಂಬುದು ಅಲ್ಲಿ ಕಂಡುಕೊಂಡ ವಿಷಯ. ನಮಗೆ ಶೆಡ್ ಕಟ್ಟುವ ಖರ್ಚು ಬೇಕಿಲ್ಲ, ತುಮಕೂರಿನಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿ ದೇವರಾಯನದುರ್ಗವೇ ಇದೆ. ಗುಬ್ಬಿ, ಕುಣಿಗಲ್ ಎರಡೂ ತಾಲ್ಲೂಕಿಗೆ ನೀರು ಕೊಡುವ ಶಿಂಷಾ ಹುಟ್ಟುವುದೂ ಈ ಬೆಟ್ಟಗಳಲ್ಲೇ. ನಾಮದ ಚಿಲುಮೆಯ ಹತ್ತಿರ ಗಾಡಿ ನಿಲ್ಲಿಸಿ ಎಂಟು ಹತ್ತು ಜನ ಬೆಳಿಗ್ಗೆ ಬೇಗ ನಡೆಯಲು ಶುರು ಮಾಡಿದರೆ ಮಾತಿಗೆ ಬೇಕಾದಷ್ಟು ದಾರಿ ಸಿಗುತ್ತದೆ. ಕೋತಿಗಳ ಕಾಟ ಇದೆ, ತಿಂಡಿ ಪೊಟ್ಟಣ ಕೈಯಲ್ಲಿ ಹಿಡಿಯಬೇಡಿ. ಕಾಡು ಪ್ರದೇಶವಾದ್ದರಿಂದ ಸಂಜೆಗೆ ಮುಂಚೆ ಇಳಿಯಬೇಕು. ಸೂರ್ಯಾಸ್ತದೊಳಗೆ ಊಟ ಮುಗಿಸುವ ನಮ್ಮವರಿಗೆ ಅದು ಹೇಗೂ ಸರಿಹೋಗುತ್ತದೆ.

ತಿಂಗಳಿಗೊಮ್ಮೆ ಸಾಕು, ಆದರೆ ದಿನ ಗೊತ್ತಾಗಿರಲಿ. ಎರಡನೇ ಭಾನುವಾರ ಎಂದರೆ ಎರಡನೇ ಭಾನುವಾರ, ಮೂರೇ ಜನ ಬಂದರೂ ಹೋಗಬೇಕು. ಬ್ಯಾನರ್, ಮುಖ್ಯ ಅತಿಥಿ, ಶಾಲು ಸನ್ಮಾನ, ಗ್ರೂಪ್ ಫೋಟೊ ಇವ್ಯಾವುದೂ ಬೇಡ. ನಮ್ಮ ಸಮಾಜದಲ್ಲಿ ಎಷ್ಟೋ ಯುವಕ ಮಂಡಳಿಗಳು ಉದ್ಘಾಟನೆಯ ದಿನವೇ ಅರ್ಧ ಮುಗಿದುಹೋಗುತ್ತವೆ. ಬಳಗದಲ್ಲಿ ಒಬ್ಬಿಬ್ಬರು ಹಿರಿಯರಿರಲಿ, ಆದರೆ ಆ ಹುಡುಗನ ಅಪ್ಪನೋ ದೊಡ್ಡಪ್ಪನೋ ಅಲ್ಲದವರು. ಅಲ್ಲಿ ಸಂಬಂಧ ಕುದುರಿಸುವುದು, ಚೀಟಿ ವ್ಯವಹಾರ, "ನೋಡು ಅವರ ಮಗ ಅಮೆರಿಕಾದಲ್ಲಿದ್ದಾನೆ" ಎಂಬ ಹೋಲಿಕೆ ಇವು ಮೂರೂ ಬರಬಾರದು.

ಅಲ್ಲಿ ಕೇಳಿದ್ದು ಅಲ್ಲೇ ಉಳಿಯಬೇಕು. ಇದಕ್ಕೆ ನಮ್ಮಲ್ಲೇ ಶಬ್ದವಿದೆ, ಐದನೆಯ ಅಂಗವಾದ ಉಪಗೂಹನ. ಒಬ್ಬರ ದೋಷವನ್ನು ಬೀದಿಗೆ ತರದಿರುವುದು. ಬಸದಿಯ ಜಗಲಿಯ ಮೇಲೆ ಒಂದು ಸಲ ಮಾತು ಸೋರಿತೆಂದರೆ ಆ ಹುಡುಗ ಮತ್ತೆ ಬರುವುದಿಲ್ಲ, ಅವನನ್ನು ನೋಡಿ ಬೇರೆಯವರೂ ಬಾಯಿ ಕಟ್ಟಿಕೊಳ್ಳುತ್ತಾರೆ. ಇದಕ್ಕೆ ಒಂದೇ ವಿನಾಯಿತಿ: ಜೀವಕ್ಕೆ ಅಪಾಯ ಕಂಡರೆ ಗುಟ್ಟು ಇಟ್ಟುಕೊಳ್ಳಬಾರದು. ಬಳಗ ಶುರುವಾಗುವ ದಿನವೇ ಇದನ್ನು ಎಲ್ಲರಿಗೂ ಹೇಳಿಬಿಡಬೇಕು.

ನಿದ್ದೆ ಕೆಟ್ಟಿರುವುದು, ಅಂಗಡಿಗೆ ಬರುವುದನ್ನು ತಪ್ಪಿಸುವುದು, ಫೋನ್ ಎತ್ತದಿರುವುದು, ಹೊಸದಾಗಿ ಕುಡಿತ, ಇಷ್ಟದ ವಸ್ತುಗಳನ್ನು ಯಾರಿಗಾದರೂ ಕೊಟ್ಟುಬಿಡುವುದು ಇವನ್ನು ಗಮನಿಸಬೇಕು. ಅನುಮಾನ ಬಂದರೆ ಸುತ್ತಿಬಳಸದೆ, "ಮಗಾ, ಸಾಯಬೇಕು ಅಂತ ಏನಾದ್ರೂ ಅನಿಸ್ತಿದೆಯಾ?" ಎಂದೇ ಕೇಳಬಹುದು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬುದು ತಪ್ಪು ತಿಳುವಳಿಕೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಹೌದು ಎಂದರೆ ಅವನನ್ನು ಒಬ್ಬನೇ ಬಿಡಬೇಡಿ, ಅಂಗಡಿ ಗೋದಾಮಿನಲ್ಲಿ ಕೀಟನಾಶಕದಂಥ ವಸ್ತುವಿದ್ದರೆ ಬೀಗ ಹಾಕಿ, ಅವತ್ತೇ ವೈದ್ಯರ ಹತ್ತಿರ ಜೊತೆಗೆ ಹೋಗಿ. ಪೊಲೀಸ್ ಕೇಸಾಗುತ್ತದೆ ಎಂಬ ಹೆದರಿಕೆಯಿಂದ ಆಸ್ಪತ್ರೆ ತಪ್ಪಿಸುವವರು ಈಗಲೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 115ನೇ ಕಲಮು ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಪರಿಗಣಿಸಬೇಕು, ಅವರನ್ನು ಶಿಕ್ಷಿಸಬಾರದು ಎನ್ನುತ್ತದೆ.

ಬಳಗ ವೈದ್ಯರಿಗೆ ಬದಲಿಯಲ್ಲ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ಅಕ್ಟೋಬರ್ 2022ರಿಂದ ಇದೆ. ಕರೆಗೆ ದುಡ್ಡಿಲ್ಲ, ಹಗಲು ರಾತ್ರಿ ಯಾವಾಗಲೂ ಕನ್ನಡದಲ್ಲಿ ಮಾತಾಡಬಹುದು. ನಿಮ್ಹಾನ್ಸ್ ಮತ್ತು ಯುವ ಸಬಲೀಕರಣ ಇಲಾಖೆ ಸೇರಿ ನಡೆಸುವ ಯುವ ಸ್ಪಂದನ ಕೇಂದ್ರಗಳು ಜಿಲ್ಲಾ ಕೇಂದ್ರಗಳಲ್ಲಿವೆ. ಓದು, ಕೆಲಸ, ಪ್ರೀತಿ, ಮನೆಯವರ ಜೊತೆಗಿನ ಮನಸ್ತಾಪ ಯಾವುದನ್ನಾದರೂ ಅಲ್ಲಿ ತರಬೇತಿ ಪಡೆದ ಯುವಜನರ ಹತ್ತಿರವೇ ಮಾತಾಡಬಹುದು. ಹುಚ್ಚಾಸ್ಪತ್ರೆ ಎಂಬ ಹೆಸರಿಗೇ ಬೆಚ್ಚುವ ಮನೆಯವರಿಗೆ ಮೊದಲು ಅಲ್ಲಿಗೆ ಹೋಗುವುದು ಸುಲಭ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುವ ಏರ್ಪಾಡಿದೆ. ಗುಬ್ಬಿ, ಕುಣಿಗಲ್‌ನವರು ತಮ್ಮ ಆಸ್ಪತ್ರೆಗೆ ಯಾವ ಮಂಗಳವಾರ ಬರುತ್ತಾರೆಂದು ಮೊದಲೇ ವಿಚಾರಿಸಿ, ಬಳಗದ ಒಬ್ಬರ ಹತ್ತಿರ ಬರೆದಿಟ್ಟಿರಲಿ.