ಉಂಬಳಿಯ ಹಂಗು
ವಾದ್ಯ ತಯಾರಕರೊಡನೆ ಕಲಾವಿದರು ಇಂದು ಮಾಡಿಕೊಳ್ಳುವ ಪ್ರಚಾರದ ಕರಾರು ಹೊಸತಿರಬಹುದು. ಪೋಷಕನಿಗೂ ನುಡಿಸುವವನಿಗೂ ನಡುವಿನ ಹಂಗು ಮಾತ್ರ ಸೊರಬ, ಶಿಕಾರಿಪುರ ಸೀಮೆಗೆ ಬಹಳ ಹಳತು. ಈ ಸೀಮೆಯ ಬಳ್ಳಿಗಾವಿಯ ಕೋಡಿಯಮಠವನ್ನು ಹೊಗಳುವ 1162ರ ಶಾಸನ, ಅಲ್ಲಿ ಅನ್ನ ಪಡೆಯುತ್ತಿದ್ದವರ ಸಾಲಿನಲ್ಲಿ ಕುಂಟರು, ಕುರುಡರ ಜೊತೆಗೇ ಗಾಯಕರನ್ನೂ ವಾದಕರನ್ನೂ ಸೇರಿಸುತ್ತದೆ. ಕಲಾವಿದನಿಗೆ ಅದು ಮರ್ಯಾದೆಯೋ ಮುಜುಗರವೋ, ಹೇಳುವುದು ಕಷ್ಟ. ಆ ಅನ್ನಕ್ಕಿಂತ ದೇವಾಲಯದ ವಾದ್ಯಗಾರನ ಉಂಬಳಿಯ ಕಟ್ಟು ಬಿಗಿ: ಸೇವೆ ನಿಂತರೆ ಭೂಮಿಯೂ ಕೈತಪ್ಪಬಹುದಿತ್ತು. ಉಂಬಳಿಯಲ್ಲಿ ಜಾಹೀರಾತು ಎಲ್ಲಿತ್ತು ಎಂದು ಯಾರಾದರೂ ಕೇಳಬಹುದು. ಹಾಗಾದರೆ ದಾನಿಗಳ ಹೆಸರನ್ನು ಊರೆಲ್ಲ ಕಾಣುವಂತೆ ಕಲ್ಲಿನಲ್ಲಿ ಕೆತ್ತಿಸಿದ್ದೇಕೆ? ಒಂದು ವ್ಯತ್ಯಾಸವನ್ನಂತೂ ಒಪ್ಪಬೇಕು. ಉಂಬಳಿ ಪಡೆದವನ ನಿಷ್ಠೆ ದೇವರ ಸೇವೆಗಿತ್ತು, ವಾದ್ಯ ಮಾಡಿಕೊಟ್ಟವನಿಗಲ್ಲ. ಸೇವೆಗೂ ಭೂಮಿಗೂ ಇದ್ದ ಆ ನಂಟನ್ನು ಕಡಿದದ್ದು ಕಲಾವಿದರ ಬಂಡಾಯವಲ್ಲ, 1955ರ ಮೈಸೂರಿನ ಧಾರ್ಮಿಕ ಮತ್ತು ಧರ್ಮಾದಾಯ ಇನಾಂ ರದ್ದತಿ ಕಾಯ್ದೆ.